ನಮ್ಮ ಹಜಾರದ ಮರದ ನೆಲ

ಈ ಮನೆಯಲ್ಲಿ ಕನ್ನಡ ಓದಬಲ್ಲವಳು ನಾನೊಬ್ಬಳೇ. ಮಾತಾಡುವುದೆಲ್ಲ ಕನ್ನಡವೇ, ಅಕ್ಷರ ಮಾತ್ರ ತಮಿಳು. ಕೊಳ್ಳೇಗಾಲದಿಂದ ಮದುವೆಯಾಗಿ ತಮಿಳುನಾಡಿನ ಈ ಸೋಮನೂರಿಗೆ ಬಂದ ಹೊಸದರಲ್ಲಿ ಇದಕ್ಕೆ ಬಹಳ ಬೇಜಾರು ಪಟ್ಟುಕೊಂಡಿದ್ದೆ. ಈಗ ಅದೇ ಅನುಕೂಲವಾಗಿದೆ. ಯಾರ ಬಗ್ಗೆ ಏನು ಬರೆದರೂ ಕೇಳುವವರಿಲ್ಲ. ಆದರೆ ನಮ್ಮ ಯಜಮಾನರ ಬಗ್ಗೆ ಬರೆಯಲು ಕೂತರೆ, ಹಾಳಾದ್ದು, ಬರೀ ಹೊಗಳಿಕೆಯೇ ಬರುತ್ತಿದೆ. ಎದುರಿಗೆ ಹೊಗಳಿದರೆ ತಲೆಯ ಮೇಲೆ ಕೂರುತ್ತಾರೆ ಅಂತ ಇಷ್ಟು ವರ್ಷ ಬಾಯಿ ಬಿಟ್ಟಿರಲಿಲ್ಲ. ಇಲ್ಲಿ ಬರೆದರೆ ಅವರಿಗೆ ಗೊತ್ತಾಗುವುದಿಲ್ಲವಲ್ಲ, ಧೈರ್ಯವಾಗಿ ಬರೆಯುತ್ತೇನೆ.

ನಮ್ಮದು ಪವರ್‌ಲೂಮ್ ಮನೆ. ಹಜಾರದ ಗೋಡೆಗೆ ಅಂಟಿಕೊಂಡೇ ಮಗ್ಗದ ಶೆಡ್ಡು. ಮಗ್ಗ ಓಡುತ್ತಿದ್ದರೆ ನೆಲ ಅದುರುತ್ತದೆ, ಗೋಡೆ ಅದುರುತ್ತದೆ, ಗೂಡಿನಲ್ಲಿಟ್ಟ ಸ್ಟೀಲ್ ಲೋಟ ತಾನಾಗಿ ಜರುಗುತ್ತ ಜರುಗುತ್ತ ಅಂಚಿಗೆ ಬಂದು ನಿಲ್ಲುತ್ತದೆ. ಮದುವೆಯಾಗಿ ಬಂದ ಮಾರನೆಯ ದಿನ ಭೂಕಂಪವಾಯಿತು ಅಂತ ನಾನು ಒದ್ದೆ ಕೂದಲಲ್ಲೇ ಬೀದಿಗೆ ಓಡಿದ್ದೆ. ಅತ್ತೆ ಇವತ್ತಿಗೂ ಬಂದವರಿಗೆಲ್ಲ ಅದನ್ನು ಹೇಳಿ ಸೆರಗು ಬಾಯಿಗಿಟ್ಟುಕೊಂಡು ನಗುತ್ತಾರೆ.

ಈ ಅದುರಾಟದ ಜೊತೆ ಗುದ್ದಾಡುವುದೇ ಈ ಮನೆಯವರ ಜನ್ಮದ ಕೆಲಸ. ಕೆಳಗೆ ರಬ್ಬರ್ ಕೊಡದೆ ಇಲ್ಲಿ ಯಾರೂ ಮಗ್ಗ ಕೂರಿಸುವುದಿಲ್ಲ. ಅಕ್ಕಪಕ್ಕದ ಮನೆಯವರ ಗೋಡೆ ಬಿರುಕು ಬಿಟ್ಟರೆ ಜಗಳ ತಪ್ಪುವುದಿಲ್ಲವಲ್ಲ. ನಮ್ಮ ಮಾವ ಇದ್ದಾಗ ಹಳೆಯ ಬೆಲ್ಟು, ಲಾರಿ ಟೈರು, ಸಿಕ್ಕಿದ್ದನ್ನೆಲ್ಲ ಕತ್ತರಿಸಿ ಮಗ್ಗದ ಕಾಲಿನಡಿಗೆ ಇಡುತ್ತಿದ್ದರಂತೆ, ಸಂದಿಗೊಂದಿಗೆ ವೇಸ್ಟ್ ಹತ್ತಿ ತುರುಕುತ್ತಿದ್ದರಂತೆ. ಮಗನಿಗೂ ಅದೇ ಬುದ್ಧಿ. ಫ್ರಿಜ್ಜಿನ ಕೆಳಗೆ ರಬ್ಬರ್, ಹಿಟ್ಟಿನ ಗ್ರೈಂಡರಿನ ಕೆಳಗೆ ರಬ್ಬರ್. ಅಯ್ಯೋ ರಾಮ, ದೇವರ ಮನೆಯ ಪೀಠದ ಕೆಳಗೂ ರಬ್ಬರ್! 'ದೇವ್ರು ಬಿದ್ಗಿದ್ದಾನು' ಅಂತ ಕಾರಣ ಬೇರೆ.

ಇನ್ನು ನಮ್ಮ ಮಗಳ ವಿಷಯ. ಒಬ್ಬಳೇ ಮಗಳು. ಹುಟ್ಟಿದಾಗಿನಿಂದ ಅವಳಿಗೆ ಕಿವಿ ಕೇಳುವುದಿಲ್ಲ. ಕೊಯಮತ್ತೂರಿನ ಡಾಕ್ಟರು ಪರೀಕ್ಷೆ ಮಾಡಿ, ಒಳಗಿನ ನರವೇ ಬೆಳೆದಿಲ್ಲ, ಆಪರೇಷನ್ನು ಮಾಡಿಯೂ ಪ್ರಯೋಜನವಿಲ್ಲ ಎಂದಿದ್ದರು. ನಮ್ಮದೆಲ್ಲ ಕೈಮಾತು. ಅವಳು ಕೈಯಲ್ಲಿ ಮಾತಾಡಲು ಶುರುಮಾಡಿದರೆ ನಿಲ್ಲಿಸುವಷ್ಟರಲ್ಲಿ ಅನ್ನ ಆರಿ ಹೋಗುತ್ತದೆ, ಅಷ್ಟು ವಾಚಾಳಿ. ನನಗಿದ್ದ ಒಂದೇ ಸಂಕಟವೆಂದರೆ ಅವಳನ್ನು ಕರೆಯುವುದು. ಅವಳು ಬೆನ್ನು ಹಾಕಿ ಕೂತಿದ್ದರೆ ನಾನು ಸುತ್ತು ಹಾಕಿ ಎದುರಿಗೆ ಹೋಗಬೇಕು. ಹಿಂದಿನಿಂದ ಹೋಗಿ ಭುಜ ಮುಟ್ಟಿದರೆ ಪ್ರತಿ ಸಲವೂ ಬೆಚ್ಚಿಬಿದ್ದು, ಎದೆಯ ಮೇಲೆ ಕೈಯಿಟ್ಟುಕೊಂಡು ನನ್ನನ್ನು ಬೈಯುತ್ತಾಳೆ. ಸಂಜೆ ಹೊತ್ತು ಬೀದಿಯ ಹೆಂಗಸರು ಬಾಗಿಲಲ್ಲಿ ನಿಂತು ಮಕ್ಕಳ ಹೆಸರು ಕೂಗುತ್ತಾರಲ್ಲ, ಬೀದಿಯ ಆ ತುದಿಯಿಂದ ಮಕ್ಕಳು ಗಕ್ಕನೆ ತಿರುಗುತ್ತಾರಲ್ಲ, ಅದನ್ನು ನೋಡಿ ನನಗೆ ಹೊಟ್ಟೆಕಿಚ್ಚಾಗುತ್ತಿತ್ತು. ಸುಳ್ಳೇಕೆ ಹೇಳಲಿ, ಬಹಳ ಹೊಟ್ಟೆಕಿಚ್ಚಾಗುತ್ತಿತ್ತು.

ಅವಳಿಗೆ ಡಾನ್ಸಿನ ಹುಚ್ಚು ಹತ್ತಿದ್ದು ನಮ್ಮ ಬೀದಿಯ ಕೊನೆಯ ಕಲ್ಯಾಣ ಮಂಟಪದಲ್ಲಿ. ಮುಹೂರ್ತವಿಲ್ಲದ ದಿನಗಳಲ್ಲಿ ಅಲ್ಲಿ ಒಬ್ಬ ಟೀಚರು ಭರತನಾಟ್ಯ ಹೇಳಿಕೊಡುತ್ತಿದ್ದರು. ಪಕ್ಕದ ಮನೆಯ ಗೆಳತಿಯ ಜೊತೆ ಇವಳೂ ಹೋಗಿ, ವೇದಿಕೆಯ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂರುತ್ತಿದ್ದಳು. ಹಳೆಯ ಕಾಲದ ಮರದ ವೇದಿಕೆ ಅದು. ಟೀಚರು ಅದರ ಮೇಲೆ ಕೂತು, ಮಣೆಗೆ ಕೋಲಿನಿಂದ ಬಡಿದು ತಾಳ ಹಾಕುತ್ತಿದ್ದರು. ಒಂದು ದಿನ ನಾನು ಕರೆಯಲು ಹೋದರೆ ಇವಳು ಎದ್ದು ಎಲ್ಲರ ಹಿಂದೆ ನಿಂತು ಹೆಜ್ಜೆ ಹಾಕುತ್ತಿದ್ದಾಳೆ! ಕೋಲು ಬಿದ್ದಾಗಲೇ ಕಾಲು ಬೀಳುತ್ತಿದೆ. ಟೀಚರು ಕೋಲು ನಿಲ್ಲಿಸಿ, 'ಈ ಮಗುವಿಗೆ ಕಿವಿ ಕೇಳಲ್ಲ ಅಂದಿದ್ರಲ್ಲಾ?' ಅಂತ ನನ್ನನ್ನೇ ಕಳ್ಳಿಯನ್ನು ನೋಡುವಂತೆ ನೋಡಿದರು. ಮಗಳು ಅವರ ಮುಖ ನೋಡಿ ವಿಷಯ ತಿಳಿದುಕೊಂಡು, ಕಾಲೆತ್ತಿ ಅಂಗಾಲು ತೋರಿಸಿದಳು. ಅವತ್ತೇ ಅವಳನ್ನು ಸೇರಿಸಿಕೊಂಡರು.

ಚೆನ್ನಾಗಿಯೇ ಕಲಿಯುತ್ತಿದ್ದಳು. ಅಷ್ಟರಲ್ಲಿ ಮಂಟಪದವರಿಗೆ ಹೊಸದಾಗಿ ಮಾಡಿಸುವ ಉಮೇದು ಬಂತು. ಮರದ ವೇದಿಕೆ ಕಿತ್ತು, ಥಳಥಳ ಹೊಳೆಯುವ ಗ್ರಾನೈಟ್ ಹಾಕಿಸಿದರು. ಊರೆಲ್ಲ ಹೊಗಳಿತು. ನಮ್ಮ ಮಗಳ ಕಾಲಿಗೆ ಮಾತ್ರ ಏನೂ ಸಿಗದಾಯಿತು. ಕಲ್ಲು ಕೋಲಿನ ಪೆಟ್ಟನ್ನು ನುಂಗಿ ಸುಮ್ಮನಿರುತ್ತಿತ್ತು. ಅವಳು ಪಕ್ಕದವರನ್ನು ಕಣ್ಣ ಕೊನೆಯಲ್ಲಿ ನೋಡಿ ನೋಡಿ ಹೆಜ್ಜೆ ಹಾಕಲು ಶುರುಮಾಡಿದಳು. ನೋಡಿ ಹಾಕಿದ ಹೆಜ್ಜೆ ಯಾವಾಗಲೂ ಚೂರು ತಡ.

ಗೆಜ್ಜೆ ಪೂಜೆಯ ಮಾತು ಬಂದಾಗ ಟೀಚರು ನನ್ನನ್ನು ಕರೆಸಿದರು. ಅವರದೊಂದು ನಿಯಮವಿತ್ತು: ಗೆಜ್ಜೆ ಕಟ್ಟುವ ಮುಂಚೆ ಪ್ರತಿ ಹುಡುಗಿಯೂ ಅವರಿಗೆ ಬೆನ್ನು ಹಾಕಿ, ಒಬ್ಬಳೇ ನಿಂತು, ಬರೀ ಕೋಲಿನ ತಾಳಕ್ಕೆ ಕಲಿತ ಹೆಜ್ಜೆಗಳನ್ನು, ಅಷ್ಟೂ ಅಡವುಗಳನ್ನು ಮಾಡಿ ತೋರಿಸಬೇಕು. ಹಾಗೆ ಮಾಡಲಾಗದಿದ್ದರೆ ಗೆಜ್ಜೆ ಇಲ್ಲ, ಗೆಜ್ಜೆ ಇಲ್ಲದಿದ್ದರೆ ಮುಂದಿನ ಪಾಠವಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. 'ಕಿವಿ ಕೇಳದ ಮಗುವಿಗೂ ಇದೇ ರೂಲ್ಸಾ ಟೀಚರ್?' ಅಂತ ನನ್ನ ಕೊಳ್ಳೇಗಾಲದ ತಮಿಳಿನಲ್ಲಿ ಕೂಗಾಡಿದೆ. ಅವರು ತಾಳ್ಮೆಯಿಂದ ಹೇಳಿದರು, 'ಅಮ್ಮಾ, ಅವಳಿಗೆ ಅಂತ ಬಿಟ್ಟುಕೊಟ್ಟರೆ ಅವಳನ್ನ ಡಾನ್ಸರ್ ಅಂತ ನಾನು ನಂಬಿಲ್ಲ ಅಂತಾಯ್ತು. ನಂಬಿದ್ದೀನಿ, ಅದಕ್ಕೇ ಕೇಳ್ತಿದ್ದೀನಿ.' ಮನೆಗೆ ಬಂದು ಮಗಳಿಗೆ ಕೈಮಾತಿನಲ್ಲಿ ಹೇಳಿದರೆ, ಅವಳೂ ಟೀಚರ ಪರವೇ. ಸುಮ್ಮನೆ ಕಟ್ಟಿದ ಗೆಜ್ಜೆ ನನಗೂ ಬೇಡ ಎಂದಳು. ಎಂದವಳು ರೂಮಿಗೆ ಹೋಗಿ ಗೋಡೆ ಕಡೆ ತಿರುಗಿ ಮಲಗಿದಳು. ಊಟಕ್ಕೆ ಎದ್ದು ಬರಲಿಲ್ಲ.

ನಮ್ಮ ಯಜಮಾನರು ಇದನ್ನೆಲ್ಲ ನೋಡಿಕೊಂಡೇ ಮಲಗಿದ್ದರು. ಬೆಳಿಗ್ಗೆ ನಾನು ಕಾಫಿ ತರುವಷ್ಟರಲ್ಲಿ ಸೋಫಾ, ಟೀಪಾಯಿ ಎಲ್ಲ ಹಿತ್ತಲಿಗೆ ಹೋಗಿವೆ, ಇವರು ಹಜಾರದ ನಡುವೆ ಟೇಪು ಹಿಡಿದು ಕೂತಿದ್ದಾರೆ.

'ಏನ್ರೀ ಇದು?'

'ಮರದ್ ನೆಲ ಹಾಕ್ತೀನಿ.'

'ಯಾರನ್ನ ಕರೆಸ್ತೀರಿ?'

'ಯಾರ್ನ ಯಾಕೆ? ಕೈಯಿಲ್ವಾ ನಂಗೆ?'

ಕೈ ಇದೆ, ನಿಜ. ಕೆಟ್ಟ ಮಗ್ಗವನ್ನು ಬಿಚ್ಚಿ ಹರಡಿ ಮತ್ತೆ ಜೋಡಿಸಿ ಓಡಿಸುವ ಕೈ. ಆದರೆ ಮರಗೆಲಸ ಇವರ ಅಪ್ಪನೂ ಮಾಡಿದವರಲ್ಲ. ಪೆರಿಯನಾಯಕನಪಾಳ್ಯಂ ಕಡೆ ಹಳೆಯ ಮಿಲ್ಲೊಂದನ್ನು ಕೆಡವುತ್ತಿದ್ದರು. ಅಲ್ಲಿನ ಅಟ್ಟಕ್ಕೆ ಹಾಸಿದ್ದ ತೇಗದ ಹಲಗೆಗಳನ್ನು ಟೆಂಪೋದಲ್ಲಿ ತುಂಬಿಸಿಕೊಂಡು ಬಂದರು. ನೋಡಿದರೆ ಎಣ್ಣೆ ಕುಡಿದು ಕರ್ರಗಾಗಿವೆ, ಮೈತುಂಬ ಮೊಳೆ. 'ಎಲ್ಲಿ ಬೆಂಕಿ ಬಿದ್ದಿತ್ತು? ಅಲ್ಲಿಂದ ಎತ್ಕೊಂಡ್ ಬಂದ್ರಾ?' ಅಂದೆ. 'ಚೂರು ಪೊರುತ್ತುಕೋ ಅಮ್ಮಣಿ, ಆಮೇಲೆ ಬೈಯಿ,' ಅಂದರು. ಪೊರುತ್ತುಕೋ ಅಂದರೆ ಇಲ್ಲಿನವರ ಬಾಯಲ್ಲಿ ತಾಳಿಕೋ ಅಂತ. ಮೊಳೆಯೆಲ್ಲ ಕಿತ್ತು ಮೊದಲ ಹಲಗೆಯ ಮೇಲೆ ಕೀಸುಳಿ ಓಡಿಸಿದ್ದೇ ಕಪ್ಪು ಸಿಪ್ಪೆ ಸುರುಳಿ ಸುರುಳಿಯಾಗಿ ಎದ್ದು, ಕೆಳಗಿನಿಂದ ಬೆಲ್ಲದ ಬಣ್ಣದ ಮರ ಹೊರಗೆ ಬಂತು. ಹಿತ್ತಲೆಲ್ಲ ತೇಗದ ಘಮ. ನಾನು ಬಾಯಿ ಮುಚ್ಚಿಕೊಂಡು ಒಳಗೆ ಹೋಗಿ ಬೋಂಡ ಕರಿದು ತಂದೆ.

ಅತ್ತೆಗೆ ಮಾತ್ರ ಮನಸ್ಸಿಗೆ ಒಗ್ಗಲಿಲ್ಲ. ಮಾವ ನಿಂತು ಹಾಕಿಸಿದ ಮೊಸಾಯಿಕ್ ಮುಚ್ಚಿಹೋಗುತ್ತದೆ ಅನ್ನುವುದು ಒಂದು. 'ಮರನ ಹಂಗೆ ಕಾಲಲ್ಲಿ ತುಳೀಬೋದೇನ್ಡಾ?' ಅನ್ನುವುದು ಇನ್ನೊಂದು. ಮಗ ಕೀಸುಳಿ ನಿಲ್ಲಿಸದೆಯೇ ಕೇಳಿದರು, 'ನೀನು ಕೈಮಗ್ಗದಲ್ಲಿ ಕೂತಿದ್ದಾಗ ಮರದ್ ಕಾಲ್ಮಣೆ ತುಳೀದೇನೇ ಸೀರೆ ಬಂತೇನಮ್ಮಾ?' ಅತ್ತೆ ಎದ್ದು ಒಳಗೆ ಹೋದರು. ಬರುವಾಗ ಕೈಯಲ್ಲಿ ಅರಿಶಿನ, ಕುಂಕುಮ, ತೆಂಗಿನಕಾಯಿ. ಹೊಸ ಮಗ್ಗ ಕೂರಿಸುವಾಗ ಮಾಡುವ ಹಾಗೆಯೇ ಮೊದಲ ಹಲಗೆಗೆ ಪೂಜೆ ಮಾಡಿ ಕಾಯಿ ಒಡೆದರು. ಅಲ್ಲಿಂದಾಚೆಗೆ ಅದು ಅತ್ತೆಯ ನೆಲವಾಯಿತು. ಬಂದ ನೆಂಟರಿಗೆಲ್ಲ 'ನಾನೇ ಹಾಕು ಅಂದೆ' ಅಂತ ಹೇಳಿದ್ದನ್ನು ನನ್ನ ಕಿವಿಯಾರೆ ಕೇಳಿದ್ದೇನೆ.

ಕೆಲಸ ನಡೆದ ಅಷ್ಟು ದಿನವೂ ನಾನು ಇವರನ್ನು ಕದ್ದು ನೋಡುತ್ತಿದ್ದೆ. ಟ್ಯೂಬಿನಲ್ಲಿ ನೀರು ತುಂಬಿಸಿ, ಒಂದು ತುದಿ ನನ್ನ ಕೈಗೆ ಕೊಟ್ಟು, ಹಜಾರದ ಮೂಲೆಮೂಲೆಗೂ ನನ್ನನ್ನು ಓಡಾಡಿಸಿ ಮಟ್ಟ ನೋಡಿದರು. ಮೊದಲು ಮರದ ಅಡ್ಡಪಟ್ಟಿಗಳನ್ನು ಸಾಲಾಗಿ ಕೂರಿಸಿದರು, ಅದರ ಮೇಲೆ ಹಲಗೆ. ಮಳೆಗಾಲದಲ್ಲಿ ಮರ ಉಬ್ಬುತ್ತದೆ ಅಂತ ಗೋಡೆಯ ಸುತ್ತ ಬೆರಳಗಲ ಜಾಗ ಬಿಟ್ಟರು. ಮಗುವಿನ ಕಾಲಿಗೆ ತಾಗಬಾರದು ಅಂತ ಒಂದೊಂದು ಸ್ಕ್ರೂವಿನ ತಲೆಯನ್ನೂ ಮರದೊಳಗೆ ಇಳಿಸಿ, ಮೇಲೆ ಅಂಗೈ ಸವರಿ, ಆಮೇಲೆ ಕೆನ್ನೆ ಸವರಿ ನೋಡುತ್ತಿದ್ದರು. ಯಾರಾದರೂ ನೆಲಕ್ಕೆ ಕೆನ್ನೆ ಇಡುತ್ತಾರೇನ್ರಪ್ಪ! ಇವರು ಇಟ್ಟರು. ಮಗಳಿಗೆ ಹಿತ್ತಲಲ್ಲಿ ಕೆಲಸ. ಎರಡು ಸಾಲು ಇಟ್ಟಿಗೆಯ ಮೇಲೆ ಹಲಗೆ ಮಲಗಿಸಿ ಇವರು ಮರ ಕುಯ್ಯುತ್ತಿದ್ದರು, ಸುತ್ತಿಗೆಯಿಂದ ಮೊಳೆ ಬಡಿದು ತೆಗೆಯುತ್ತಿದ್ದರು. ಅವಳು ಅದರ ಮೇಲೆ ಹತ್ತಿ ಹಲಗೆ ಅಲ್ಲಾಡದಂತೆ ತುಳಿದು ನಿಲ್ಲಬೇಕು. ನಿಂತು ನಿಂತು ಬೇಜಾರಾದಾಗ ಅಲ್ಲೇ ಕುಣಿಯುತ್ತಿದ್ದಳು, ಇವರು ಸುತ್ತಿಗೆ ತೋರಿಸಿ ಗದರುತ್ತಿದ್ದರು.

ಕೊನೆಯ ಹಲಗೆ ಕೂತ ದಿನ ಸ್ಯಾಂಡ್ ಪೇಪರ್ ಉಜ್ಜಿ, ಎಣ್ಣೆ ಒರೆಸಿ, ಕಿಟಕಿ ತೆರೆದಿಟ್ಟರು. ಅಬ್ಬಾ, ಏನು ಚೆಂದ! ಮಗ್ಗವೆಲ್ಲ ಓಡುತ್ತಲೇ ಇದೆ, ಈ ನೆಲದ ಮೇಲೆ ನಿಂತರೆ ಒಂಚೂರೂ ಅದುರಾಟವಿಲ್ಲ. ಇವರು ತುಂಬಿದ ನೀರಿನ ಲೋಟವನ್ನು ನಡುವೆ ಇಟ್ಟು ತೋರಿಸಿದರು, ನೀರಿನ ಮೇಲೆ ಒಂದು ಗೆರೆಯೂ ಏಳಲಿಲ್ಲ. 'ನೋಡ್ದಾ?' ಅಂತ ನನ್ನ ಕಡೆ ತಿರುಗಿ ಮೀಸೆಯಡಿಯಲ್ಲೇ ನಕ್ಕರು. ಅತ್ತೆ ಸೆರಗು ಸೊಂಟಕ್ಕೆ ಸಿಕ್ಕಿಸಿ ಮಣೆ ಇಟ್ಟುಕೊಂಡು ಕೋಲು ಹಿಡಿದು ಕೂತರು. ಮಗಳು ನಮಸ್ಕಾರ ಮಾಡಿ, ಬೆನ್ನು ಹಾಕಿ, ಮಂಡಿ ಬಗ್ಗಿಸಿ ಅರೆಮಂಡಿಯಲ್ಲಿ ನಿಂತಳು. ಅತ್ತೆ ಕೋಲು ಬಡಿದರು. ಅವಳು ನಿಂತೇ ಇದ್ದಳು. ಮತ್ತೆ ಬಡಿದರು. ಅವಳು ಹಿಂದಕ್ಕೆ ತಿರುಗಿ, ಶುರುಮಾಡು ಅಜ್ಜಿ, ಅಂತ ಕೈಯಲ್ಲಿ ಹೇಳಿದಳು. ಅತ್ತೆ ಆಗಲೇ ಬಡಿಯುತ್ತಿದ್ದರು.

ಅವಳ ಮುಖ ನೋಡಲು ನನ್ನಿಂದಾಗಲಿಲ್ಲ. ದುಃಖವಾದಾಗ ನನಗೆ ಬರುವುದು ಕೋಪವೇ. 'ಮನೆಯೆಲ್ಲ ಧೂಳು ಎಬ್ಸಿ, ಮಗು ಆಸೆ ಕೆರಳ್ಸಿ, ಕೊನೆಗೆ ಇದೇನ್ರೀ? ನೋಡೋಕೆ ಚೆಂದ ಇದ್ರೆ ಆಯ್ತಾ?' ಅಂತ ಇವರ ಮೇಲೆ ಹರಿಹಾಯ್ದೆ. ಇವರು ನೆಲದ ಮೇಲೆ ಕೂತು ಹಲಗೆಗೆ ಬೆರಳಲ್ಲಿ ತಟ್ಟುತ್ತಿದ್ದರು. ಮದುವೆಯಾದಾಗಿನಿಂದ ಅವರ ಮುಖವನ್ನು ನಾನು ಅಷ್ಟು ಚಿಕ್ಕದಾಗಿ ಕಂಡಿರಲಿಲ್ಲ.

ಮಗಳೇ ಬಂದು ಅಪ್ಪನ ಕೈ ಹಿಡಿದು ಎಬ್ಬಿಸಿದಳು. ಎಳೆದುಕೊಂಡು ಹಿತ್ತಲಿಗೆ ಹೋದಳು, ಹಿಂದೆಯೇ ನಾವೂ ಹೋದೆವು. ಇಟ್ಟಿಗೆಯ ಮೇಲಿನ ಆ ಹಳೆಯ ಹಲಗೆ ಹತ್ತಿ, ಅಪ್ಪನ ಕೈಗೆ ಸುತ್ತಿಗೆ ಕೊಟ್ಟು, ಹಲಗೆಯ ತುದಿ ತೋರಿಸಿ, ಬೆನ್ನು ಹಾಕಿ ನಿಂತಳು. ಇವರು ಮೆಲ್ಲಗೆ ಒಂದು ಪೆಟ್ಟು ಹಾಕಿದರು. ಅವಳ ಕಾಲು ಎದ್ದು ಬಿತ್ತು. ಎರಡು ಹಾಕಿದರು, ಎರಡು ಬಿತ್ತು. ನಿಲ್ಲಿಸಿದರು, ನಿಂತಳು. ಇಷ್ಟು ದಿನ ಬೇಜಾರಿಗೆ ಕುಣಿಯುತ್ತಿದ್ದಾಳೆ ಅಂದುಕೊಂಡಿದ್ದೆವಲ್ಲ, ಇವಳು ಅಪ್ಪನ ಸುತ್ತಿಗೆಯ ತಾಳಕ್ಕೆ ಹೆಜ್ಜೆ ಹಾಕುತ್ತಿದ್ದಳು.

ಇವರು ಬಗ್ಗಿ ಆ ಹಲಗೆಯ ಕೆಳಗೆ ನೋಡಿದರು. ಇಟ್ಟಿಗೆ, ಖಾಲಿ ಜಾಗ, ಅಷ್ಟೇ. ತಲೆಯ ಮೇಲೆ ಕೈಹೊತ್ತು ಅಲ್ಲೇ ಮಣ್ಣಿನಲ್ಲಿ ಕೂತುಬಿಟ್ಟರು. 'ರಬ್ಬರ್,' ಅಂದರು. 'ಅಮ್ಮಾ, ನಾನು ರಬ್ಬರ್ ಇಟ್ಟುಟ್ಟೆ.'

ಅದೇ ಆಗಿದ್ದು. ಅಡ್ಡಪಟ್ಟಿಯ ಕೆಳಗೆ ರಬ್ಬರ್, ಪಟ್ಟಿಗೂ ಹಲಗೆಗೂ ನಡುವೆ ಇನ್ನೊಂದು ರಬ್ಬರ್, ಪಟ್ಟಿಗಳ ನಡುವಿನ ಖಾಲಿ ಜಾಗಕ್ಕೆಲ್ಲ ಗಿಡಿದು ತುಂಬಿದ ವೇಸ್ಟ್ ಹತ್ತಿ. ಯಾರೂ ಹೇಳಿರಲಿಲ್ಲ, ಇವರೂ ಯೋಚಿಸಿ ಮಾಡಿದ್ದಲ್ಲ. ನೆಲದ ಮೇಲೆ ಏನನ್ನಾದರೂ ಕೂರಿಸಬೇಕು ಎಂದರೆ ಅದುರಾಟವನ್ನು ಕೊಲ್ಲಬೇಕು ಅನ್ನುವುದು ಈ ಮನೆಯವರ ಕೈಗೇ ಗೊತ್ತು. ಮಗಳಿಗೆ ಬೇಕಾಗಿದ್ದು ಆ ಅದುರಾಟವೇ. ಹಲಗೆ ಹೊಂದಿಸುವಾಗ ಪಕ್ಕದಲ್ಲೇ ಕೂತು ರಬ್ಬರ್ ತುಂಡು ಎತ್ತಿಕೊಟ್ಟವಳು ನಾನು. ನನಗೂ ಹೊಳೆದಿರಲಿಲ್ಲ. ನಾನೂ ಈ ಮನೆಯವಳಾಗಿ ಹೋಗಿದ್ದೇನೆ ಅಂತ ಅವತ್ತು ಗೊತ್ತಾಯಿತು.

ನಾನಾಗಿದ್ದರೆ ಮಾರನೆಯ ದಿನ ಯಾರ ಮುಖವನ್ನೂ ನೋಡುತ್ತಿರಲಿಲ್ಲ. ಇವರು ಆಗಲೇ ಸ್ಕ್ರೂ ಡ್ರೈವರ್ ಹಿಡಿದು ಹಜಾರಕ್ಕೆ ಹೋಗಿದ್ದರು. ಅತ್ತೆಯೂ ಅಯ್ಯೋ ಅನ್ನಲಿಲ್ಲ. 'ಎಳೆ ತಪ್ಪಿದ್ರೆ ಬಿಚ್ಚಿ ನೇಯ್ತೀವಲ್ಲಾ, ಅಷ್ಟೇ. ಬಿಚ್ಚು,' ಅಂದರು. ನೇಯುವವರ ಈ ಗುಣಕ್ಕೆ ನಾನು ಕೈಮುಗಿಯುತ್ತೇನೆ. ಬಿಚ್ಚುವುದು ಇವರಿಗೆ ಸೋಲಲ್ಲ. ಕೆನ್ನೆ ಸವರಿ ಕೂರಿಸಿದ ಹಲಗೆಗಳನ್ನು ಒಂದೊಂದಾಗಿ ಎಬ್ಬಿಸುವಾಗಲೂ ಇವರು ಗೊಣಗಲಿಲ್ಲ. ನಾನು ಮೂಟೆಗಟ್ಟಲೆ ಹತ್ತಿಯನ್ನು ಮೂಗು ಮುಚ್ಚಿಕೊಂಡು ಹೊರಗೆ ಹೊತ್ತೆ. ಕೋಪವೆಲ್ಲ ಸೀನಿನಲ್ಲೇ ಹೋಯಿತು.

ರಬ್ಬರನ್ನೆಲ್ಲ ತೆಗೆದು ಹಲಗೆ ಇಟ್ಟು ನೋಡಿದರೆ ಇನ್ನೊಂದು ಪೀಕಲಾಟ. ಮಗಳು ಮೇಲೆ ನಿಂತವಳೇ ಎರಡೂ ಕೈ ಬೀಸಿದಳು: ಮಗ್ಗ, ಬರೀ ಮಗ್ಗ, ಅಜ್ಜಿ ಎಲ್ಲಿ? ಪಕ್ಕದ ಶೆಡ್ಡಿನ ಅದುರಾಟವೆಲ್ಲ ಕೆಳಗಿನಿಂದ ಹತ್ತಿ ಬರುತ್ತಿತ್ತು. ಇವರು ಗಲ್ಲ ಕೆರೆಯುತ್ತ ಕೂತರು. ಆಮೇಲೆ ಅಡ್ಡಪಟ್ಟಿಯ ಕೆಳಗೆ ಮಾತ್ರ ರಬ್ಬರ್ ಇಟ್ಟರು, ಮೇಲೆ ಮರದ ಮೇಲೆ ಮರ, ನಡುವೆ ಬರೀ ಗಾಳಿ. ಮಗ್ಗದ ಅದುರಾಟ ಕೆಳಗೇ ನಿಂತಿತು, ಕೋಲಿನ ಪೆಟ್ಟು ಹಲಗೆಯುದ್ದಕ್ಕೂ ಓಡಿತು. ಅವಳ ಕಾಲಿಗೆ ಅಜ್ಜಿ ಸಿಕ್ಕಿದರು. ಅತ್ತೆ ಅವತ್ತು ಕೋಲನ್ನು ಕೆಳಗೆ ಇಡಲೇ ಇಲ್ಲ. ಕೈ ನೋಯುತ್ತದೆ, ಸಾಕು ಅಂದರೂ 'ಪರವಾಯಿಲ್ಲ, ಕಣ್ಣು ಕುಣೀತಾ ಐತೆ' ಅಂತ ಬಡಿಯುತ್ತಲೇ ಇದ್ದರು. ಕಣ್ಣು ಅಂದರೆ ಮೊಮ್ಮಗಳು.

ಟೀಚರನ್ನು ಮನೆಗೇ ಕರೆದೆವು. ಅವರು ಚಪ್ಪಲಿ ಬಿಟ್ಟು ಒಳಗೆ ಬಂದು, ಹಲಗೆಯ ಮೇಲೆ ಒಂದು ಸಲ ಕಾಲು ತಟ್ಟಿ ನಮ್ಮ ಯಜಮಾನರ ಮುಖ ನೋಡಿದರು. ಮಣೆಯ ಮುಂದೆ ಕೂತರು. ಮಗಳು ಬೆನ್ನು ಹಾಕಿ ನಿಂತಳು. ಎದುರಿಗೆ ಬರೀ ಗೋಡೆ. ಮೊದಲು ನಿಧಾನ, ಆಮೇಲೆ ಅದರ ದುಪ್ಪಟ್ಟು, ಆಮೇಲೆ ಇನ್ನೂ ಜೋರು. ನಡುವೆ ಟೀಚರು ಬೇಕೆಂದೇ ಕೋಲು ತಡೆದರು, ಎತ್ತಿದ ಕಾಲು ಗಾಳಿಯಲ್ಲೇ ನಿಂತಿತು. ಕೋಲು ಬಿತ್ತು, ಕಾಲು ಬಿತ್ತು. ನಾನು ಅತ್ತೆಯ ಕೈಯನ್ನು ಎಷ್ಟು ಗಟ್ಟಿಯಾಗಿ ಹಿಡಿದಿದ್ದೆನೆಂದರೆ ಅವರ ಬಳೆಯ ಗುರುತು ನನ್ನ ಅಂಗೈಯಲ್ಲಿ ಉಳಿದಿತ್ತು. ಎಲ್ಲ ಮುಗಿದ ಮೇಲೆ ಟೀಚರು ಎದ್ದು ಹೋಗಿ ಅವಳ ಎದುರಿಗೆ ನಿಂತು, ತಮ್ಮ ಕಾಲಿನ ಹರಡು ಮುಟ್ಟಿ, ಗೆಜ್ಜೆ ಕಟ್ಟುವಂತೆ ಅಭಿನಯಿಸಿದರು. ಮಗಳು ಕೂಗಿದ ಕೂಗಿಗೆ ಶೆಡ್ಡಿನವರು ಮಗ್ಗ ನಿಲ್ಲಿಸಿ ಓಡಿ ಬಂದರು. ನಮ್ಮ ಯಜಮಾನರು ಕಣ್ಣಿಗೆ ಧೂಳು ಬಿತ್ತೆಂದು ಹಿತ್ತಲಿಗೆ ಹೋದರು. ಎಲ್ಲಿತ್ತು ಧೂಳು? ನಾನೇ ಬೆಳಿಗ್ಗೆ ಒರೆಸಿದ್ದೆ.

ಗೆಜ್ಜೆ ಪೂಜೆ ಮುಗಿದ ಮಾರನೆಯ ದಿನ ಬೆಳಿಗ್ಗೆ ಮಗಳು ಹಜಾರದ ನಡುವೆ ಕಿಟಕಿಯ ಕಡೆ ಮುಖ ಮಾಡಿ ಕೂತು, ಹೊಸ ಗೆಜ್ಜೆಯ ಪಟ್ಟಿಯನ್ನು ಬಿಚ್ಚಿ ಕಟ್ಟಿ ನೋಡುತ್ತಿದ್ದಳು. ನಾನು ಹಾಲಿನ ಲೋಟ ಹಿಡಿದು ಅಡುಗೆಮನೆಯಿಂದ ಬಂದೆ. ಯಾವಾಗಿನಂತೆ ಗೋಡೆಯ ಪಕ್ಕದಿಂದ ಸುತ್ತು ಹಾಕಿ ಅವಳ ಎದುರಿಗೆ ಹೋಗೋಣವೆಂದು ಹಲಗೆಯ ಮೇಲೆ ಕಾಲಿಟ್ಟೆ.

ಅವಳು ತಿರುಗಿದಳು.

ನಾನು ಮುಟ್ಟಿರಲಿಲ್ಲ. ಅವಳು ಬೆಚ್ಚಿಯೂ ಇರಲಿಲ್ಲ. ಸುಮ್ಮನೆ ತಿರುಗಿ, ನನ್ನನ್ನು ನೋಡಿ, ಏನು ಅಂತ ಹುಬ್ಬು ಹಾರಿಸಿದಳು. ನಾನು ಏನೂ ಇಲ್ಲವೆಂದು ಅಡುಗೆಮನೆಗೆ ವಾಪಸು ಹೋದೆ. ಅವಳು ಮತ್ತೆ ಕಿಟಕಿಯ ಕಡೆ ತಿರುಗುವವರೆಗೂ ಕಾದು, ಇನ್ನೊಂದು ಸಲ ಕಾಲಿಟ್ಟೆ. ಮತ್ತೆ ತಿರುಗಿದಳು. ಈ ಸಲ ಅಮ್ಮನಿಗೆ ಹುಚ್ಚು ಹಿಡಿದಿದೆ ಎನ್ನುವಂತೆ ನಕ್ಕಳು. ಹಾಲು ಆರಿಹೋಯಿತು. ಶೆಡ್ಡಿನ ಬಾಗಿಲಲ್ಲಿ ನಿಂತು ಇವರು, 'ಏನಾಗ್ತಿದೆ ನಿಂಗೆ, ಒಳಗೆ ಹೊರಗೆ?' ಅಂತ ಕೇಳಿದರು. ಅವರಿಗೆ ನಾನು ಏನೂ ಹೇಳಲಿಲ್ಲ. ಇಲ್ಲಿ ಹೇಳುತ್ತಿದ್ದೇನೆ: ನಾನು ನನ್ನ ಮಗಳನ್ನು ಕರೆಯುತ್ತಿದ್ದೆ, ಅವಳು ಓಗೊಡುತ್ತಿದ್ದಳು.